ಹೊಟ್ಟೆಯಲ್ಲೇ ಉಳಿದ ಬಟ್ಟೆ: ನಾಯಿಗೆ ಮಾರಕ ಗೆಡ್ಡೆ!

ಹೆಣ್ಣು ನಾಯಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿದ್ದಾಯ್ತು. ಹೊಲಿಗೆ ಬಿಚ್ಚಿಸಿದ್ದೂ ಆಯ್ತು. ವರ್ಷಗಳು ಉರುಳಿದ ಮೇಲೆ ಅದು ಅನ್ನ ಬಿಟ್ಟಿತು, ಬಡಕಲಾಯಿತು. ಹೊಟ್ಟೆ ಮುಟ್ಟಿದರೆ ಗಟ್ಟಿ ಗಂಟು. 'ವಯಸ್ಸಾಯ್ತು ಬಿಡ್ರೀ' ಎಂದು ಸುಮ್ಮನಾಗುವವರೇ ಹೆಚ್ಚು. ಆ ಗಂಟಿನೊಳಗೆ ಹಳೇ ಆಪರೇಷನ್ನಿನಲ್ಲಿ ರಕ್ತ ಒರೆಸಿದ ಬಟ್ಟೆ ಕೂತಿದ್ದರೆ?

ಇದು ಕಟ್ಟುಕಥೆಯಲ್ಲ. 1990ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯಲ್ಲಿ ಒಂದು ನಾಯಿಯ ವಿಷಯ ಅಚ್ಚಾಯಿತು. ಅದರ ಸಣ್ಣ ಕರುಳಿನಲ್ಲಿ ಮೂಳೆ ಕ್ಯಾನ್ಸರ್! ಮೂಳೆಯೇ ಇಲ್ಲದ ಕರುಳಿಗೆ ಅದೆಲ್ಲಿಂದ ಬಂತು? ಗೆಡ್ಡೆಯ ಜೊತೆ ಸಿಕ್ಕಿದ್ದು ಆಪರೇಷನ್ನಿನ ಬಟ್ಟೆ. 2006 ಮತ್ತು 2010ರಲ್ಲೂ ಇಂಥವೇ ವರದಿಗಳು ಬಂದವು.

ಹತ್ತಿ ಬಟ್ಟೆ ಮೈಯಲ್ಲಿ ಕರಗುವುದಿಲ್ಲ. ದೇಹ ಅದರ ಸುತ್ತ ಮಾಂಸದ ಗೋಡೆ ಕಟ್ಟುತ್ತದೆ. ಹಲವು ಸಲ ಅದು ಬರೀ ಗಂಟಾಗಿ ಉಳಿಯುತ್ತದೆ. ಕೆಲವು ಸಲ ಕೀವಾಗಿ ಪಕ್ಕೆಯಿಂದ ಸೋರುತ್ತದೆ. ವರ್ಷಗಟ್ಟಲೆ ಆರದ ಉರಿಯೂತದಿಂದ ಅಪರೂಪಕ್ಕೆ ಜೀವಕೋಶಗಳೇ ದಾರಿ ತಪ್ಪುತ್ತವೆ. ಅದೇ ಕ್ಯಾನ್ಸರ್.

ಡಾಕ್ಟರು ಬಟ್ಟೆ ಮರೆಯುವುದುಂಟೇ? ಉಂಟು. ರಕ್ತದಲ್ಲಿ ನೆನೆದ ಬಟ್ಟೆಗೂ ಮಾಂಸಕ್ಕೂ ವ್ಯತ್ಯಾಸ ಕಾಣದು. ನಾಯಿ ದಪ್ಪಗಿದ್ದರೆ, ರಕ್ತ ಹೆಚ್ಚು ಹರಿದರೆ, ಹೊರಗೆ ಸಾಲು ನಿಂತಿದ್ದರೆ ಇನ್ನೂ ಕಷ್ಟ. ಮದ್ದು ಮಾತ್ರ ಬಲು ಅಗ್ಗ: ಎಣಿಸುವುದು. ಹೊಟ್ಟೆ ಕೊಯ್ಯುವ ಮುಂಚೆ ಎಷ್ಟು ಬಟ್ಟೆ, ಹೊಲಿಯುವ ಮುಂಚೆ ಎಷ್ಟು? ಅಂಗಡಿಯವರು ಗಲ್ಲಾ ಎಣಿಸದೆ ಬಾಗಿಲು ಹಾಕ್ತಾರೆಯೇ? ಕಂಡಕ್ಟರು ಲೆಕ್ಕ ಒಪ್ಪಿಸದೆ ಮನೆಗೆ ಹೋಗ್ತಾರೆಯೇ? ಎಕ್ಸ್‌ರೇಯಲ್ಲಿ ಕಾಣುವ ದಾರ ನೇಯ್ದ ಬಟ್ಟೆಯೂ ಸಿಗುತ್ತದೆ. ಸುರುಳಿಯಿಂದ ಕತ್ತರಿಸಿದ ಸಾದಾ ಗಾಜ್ ಬಟ್ಟೆಗೆ ಆ ಗುರುತಿಲ್ಲ.

ಹಾಗಂತ ಆಪರೇಷನ್ನೇ ಬೇಡ ಅನ್ನಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವುದನ್ನು ಅದು ತಪ್ಪಿಸುತ್ತದೆ. ಆಪರೇಷನ್ನಿನ ಚೀಟಿ ಮಾತ್ರ ಬಿಸಾಡಬೇಡಿ. ಮುಂದೆ ಎಂದಾದರೂ ಗಂಟು ಕಂಡರೆ, ಪಕ್ಕೆ ಸೋರಿದರೆ ದನದ ಆಸ್ಪತ್ರೆಯಲ್ಲಿ ಮೊದಲು ಆ ಚೀಟಿ ತೋರಿಸಿ, ಸ್ಕ್ಯಾನಿಂಗ್ ಕೇಳಿ.

ಸಾಕಿದ ನಾಯಿಗೆ ಇಷ್ಟಾದರೂ ಕೇಳುವವರಿದ್ದಾರೆ. ಬೀದಿಯಿಂದ ಹಿಡಿದು, ಆಪರೇಷನ್ ಮಾಡಿ, ಕಿವಿಗೆ ಗುರುತು ಹಾಕಿ ಬಿಟ್ಟ ನಾಯಿಯ ಹೊಟ್ಟೆ ಮುಟ್ಟಿ ನೋಡುವವರು ಯಾರು? ಅದಕ್ಕಿರುವ ರಕ್ಷಣೆ ಒಂದೇ, ಟೇಬಲ್ಲಿನ ಪಕ್ಕ ನಿಂತು ಬಟ್ಟೆ ಎಣಿಸುವ ಆ ಒಬ್ಬ ಸಹಾಯಕ. ಎಣಿಕೆ ತಪ್ಪಿದರೆ ಅದು ಯಾರಿಗೆ ದೂರು ಕೊಡಬೇಕು ಸ್ವಾಮಿ?