55 ಪರಮಾಣುಗಳ ಕಹಿ

ನೆಲಬೇವಿನ ಕಷಾಯವನ್ನು ಬಾಲ್ಯದಿಂದ ಕುಡಿದವನು ನಾನು. ಜ್ವರ ಬಂದರೆ ಸಾಕು, ಅಜ್ಜಿ ಮೂಗು ಹಿಡಿದು ಲೋಟವನ್ನು ಬಾಯಿಗೆ ಬಗ್ಗಿಸುತ್ತಿದ್ದಳು. ಆ ಕಹಿ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಗೊತ್ತಾದದ್ದು ಮಾತ್ರ ಬೆಂಗಳೂರಿನ ಲಗ್ಗೆರೆಯ ನಮ್ಮ ಬೀದಿಯಲ್ಲಿ, ಒಂದು ಭಾನುವಾರ ಸಂಜೆ. ಪಕ್ಕದ ಮನೆಯ ಹುಡುಗಿ ಎಂ.ಎಸ್ಸಿ. ಓದುತ್ತಾಳೆ. ಅವಳ ಲ್ಯಾಪ್‌ಟಾಪಿನ ಪರದೆಯಲ್ಲಿ ಗುಂಡು ಕಡ್ಡಿ ಜೋಡಿಸಿದಂಥ ಪುಟ್ಟ ಆಕೃತಿಯೊಂದು ಮೆಲ್ಲಗೆ ತಿರುಗುತ್ತಿತ್ತು. “ಇದೇ ನೋಡಿ ಅಂಕಲ್, ಆಂಡ್ರೋಗ್ರಾಫೊಲೈಡ್. ನೆಲಬೇವಿನ ಕಹಿ ಅಂದ್ರೆ ಇದೇ!” 20 ಇಂಗಾಲ, 30 ಜಲಜನಕ, 5 ಆಮ್ಲಜನಕ. ಒಟ್ಟು 55 ಪರಮಾಣು. ಅಜ್ಜಿಯ ಲೋಟದಲ್ಲಿ ಇದ್ದದ್ದು ಇದು!

ಬೆರಗು ಅಲ್ಲಿಗೆ ಮುಗಿಯಲಿಲ್ಲ. ಅವಳು ಇನ್ನೊಂದು ಕಡತ ತೆರೆದಳು. ಈ ಬಾರಿ ಬಂದದ್ದು ರಿಬ್ಬನ್ ಸುತ್ತಿಟ್ಟಂಥ ದೊಡ್ಡ ಗಂಟು. ಕೊರೋನಾ ವೈರಸ್ಸಿನ ಮುಖ್ಯ ಪ್ರೋಟಿಯೇಸ್, ಅಂದರೆ ಅದರ ಕತ್ತರಿ. ವೈರಸ್ ತನ್ನ ಹಲವು ಪ್ರೋಟೀನುಗಳನ್ನು ಒಟ್ಟಿಗೆ ಉದ್ದ ಪಟ್ಟಿಯಾಗಿ ತಯಾರಿಸಿಕೊಳ್ಳುತ್ತದೆ. ಈ ಕತ್ತರಿ ಅದನ್ನು ತುಂಡು ತುಂಡಾಗಿ ಬಿಡಿಸದಿದ್ದರೆ ಹೊಸ ವೈರಸ್ ಹುಟ್ಟುವುದೇ ಇಲ್ಲ. ಶಾಂಘೈನ ವಿಜ್ಞಾನಿಗಳು ಇದರ ರಚನೆಯನ್ನು ಬಿಡಿಸಿ, 2020ರ ಫೆಬ್ರವರಿ 5ರಂದು ಜಗತ್ತಿಗೆಲ್ಲ ಬಿಟ್ಟಿಯಾಗಿ ತೆರೆದಿಟ್ಟರು. ಗುರುತಿನ ಸಂಖ್ಯೆ 6ಎಲ್‌ಯು7. ನಮ್ಮಲ್ಲಿ ಲಾಕ್‌ಡೌನ್ ಶುರುವಾಗುವ ಮೊದಲೇ ಶತ್ರುವಿನ ಕತ್ತರಿಯ ನಕ್ಷೆ ಎಲ್ಲರ ಕೈಯಲ್ಲಿತ್ತು! ಅದರ ನಡುವಿನ ಸಂದಿಯಲ್ಲಿ 145ನೇ ಸ್ಥಾನದ ಸಿಸ್ಟೀನ್, 41ನೇ ಸ್ಥಾನದ ಹಿಸ್ಟಿಡಿನ್ ಎದುರುಬದುರು ಕೂತಿವೆ. ಕತ್ತರಿಯ ಎರಡು ಅಲಗುಗಳು ಅವೇ. ಆ ಸಂದಿಗೆ ಯಾವುದಾದರೂ ಅಣು ಹೋಗಿ ಬಿಗಿಯಾಗಿ ಕೂತುಬಿಟ್ಟರೆ ಕತ್ತರಿ ಆಡುವುದಿಲ್ಲ.

ಅಷ್ಟರಲ್ಲಿ ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಅವಳಪ್ಪ ಬಂದರು. ಲೇತ್ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಕೈ. ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿ, “ಇದು ನಮ್ಮ ಫಿಟ್ಟಿಂಗ್ ಕೆಲಸಾನೇ ಅಲ್ವೇನಮ್ಮಾ? ಬುಷ್ ಒಳಗೆ ಶಾಫ್ಟ್ ಕೂರಿಸೋದು!” ಅಂದರು. ಎಷ್ಟು ಸರಿಯಾದ ಮಾತು! ಅವರು ಮೈಕ್ರಾನ್ ಲೆಕ್ಕದಲ್ಲಿ ಕೂರಿಸುತ್ತಾರೆ. ಮಗಳು ಕೂರಿಸುವುದು ಆಂಗ್‌ಸ್ಟ್ರಾಮ್ ಲೆಕ್ಕದಲ್ಲಿ. ಒಂದು ಮೈಕ್ರಾನಿಗೆ ಹತ್ತು ಸಾವಿರ ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಅದು.

ಕೂರಿಸುವ ತಂತ್ರಾಂಶದ ಹೆಸರು ಆಟೋಡಾಕ್ ವೀನಾ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಹುಟ್ಟಿದ್ದು, 2010ರಿಂದ ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. ಸಂದಿಯ ಸುತ್ತ ಒಂದು ಪೆಟ್ಟಿಗೆ ಎಳೆದು ತೋರಿಸಿದರೆ ಸಾಕು. ನೆಲಬೇವಿನ ಅಣುವನ್ನು ಅದು ಆ ಪೆಟ್ಟಿಗೆಯೊಳಗೆ ಹೊರಳಿಸುತ್ತದೆ, ತಲೆಕೆಳಗು ಮಾಡುತ್ತದೆ, ಬಾಗುವ ಕಡೆ ಬಾಗಿಸುತ್ತದೆ, ಪ್ರತಿ ಭಂಗಿಗೂ ಶಕ್ತಿಯ ಲೆಕ್ಕ ಹಾಕುತ್ತದೆ. ಕೊನೆಗೆ ಒಂಬತ್ತು ಭಂಗಿಗಳನ್ನು ಆರಿಸಿ, ಮೈನಸ್ ಅಂಕಿಗಳ ಸಮೇತ ಪಟ್ಟಿ ಕೊಡುತ್ತದೆ. ಶೂನ್ಯದಿಂದ ಕೆಳಗೆ ಇಳಿದಷ್ಟೂ ಹಿಡಿತ ಗಟ್ಟಿ ಎಂದು ಅದರ ಅಂದಾಜು. ನಾವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಪಟ್ಟಿ ಬಂದಿತ್ತು!

ಇದು ಒಂದು ಗಿಡದ ಒಂದು ಅಣುವಿನ ಮಾತು. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯ ಅರಿಜಿತ್ ಸಾಮಲ್ ಮತ್ತು ಸಂಗಡಿಗರು ನಮ್ಮ ದೇಶದ ಔಷಧಿ ಗಿಡಗಳಲ್ಲಿ ಯಾವ ಯಾವ ರಾಸಾಯನಿಕಗಳಿವೆ ಎಂದು ಹುಡುಕಿ ಹುಡುಕಿ ‘ಇಂಪ್ಯಾಟ್’ ಎಂಬ ಕಣಜ ಕಟ್ಟಿದ್ದಾರೆ. 2022ರ ಆವೃತ್ತಿಯಲ್ಲಿ 4010 ಗಿಡಗಳು, 17,967 ರಾಸಾಯನಿಕಗಳು! ಗ್ರಂಥಿಗೆ ಅಂಗಡಿಯ ಮರದ ಡಬ್ಬಗಳೆಲ್ಲ ಒಮ್ಮೆಗೇ ಬಾಯಿ ತೆರೆದ ಹಾಗೆ. 2020ರಲ್ಲಿ ಅದೇ ಬಳಗ ಭಾರತದ ಗಿಡಗಳ 14,011 ರಾಸಾಯನಿಕಗಳನ್ನು ಕಂಪ್ಯೂಟರಿನಲ್ಲಿ ಸೋಸಿತು. ಅವರು ಗುರಿ ಇಟ್ಟದ್ದು ವೈರಸ್ಸಿನ ಮೇಲಲ್ಲ, ವೈರಸ್ಸಿಗೆ ಬಾಗಿಲು ತೆರೆದುಕೊಡುವ ನಮ್ಮದೇ ದೇಹದ ಎರಡು ಕತ್ತರಿಗಳ ಮೇಲೆ. ಒಂದಕ್ಕೆ 96, ಇನ್ನೊಂದಕ್ಕೆ 9 ಅಣುಗಳು ಜರಡಿಯಲ್ಲಿ ಉಳಿದವು.

ಆ ಹೊತ್ತಿಗೆ ಮೊದಲ ಕತ್ತರಿಯ ನಿಜರೂಪವನ್ನು ಯಾರೂ ಪ್ರಯೋಗದಲ್ಲಿ ಕಂಡಿರಲಿಲ್ಲ. ಅದರ ಬಳಗದ ಬೇರೊಂದು ಪ್ರೋಟೀನನ್ನು ಅಚ್ಚಾಗಿಟ್ಟುಕೊಂಡು ಮಾದರಿ ಕಟ್ಟಬೇಕಿತ್ತು. ಹೀಗೆ ಕಟ್ಟಿದ ಮಾದರಿ ನಂಬುವಂಥದೇ ಎಂದು ನೋಡಲು ಜಗತ್ತಿನಾದ್ಯಂತ ಪ್ರಯೋಗಾಲಯಗಳು ಮೊದಲು ತೆಗೆಯುವುದು ರಾಮಚಂದ್ರನ್ ನಕ್ಷೆಯನ್ನು. ಪ್ರೋಟೀನಿನ ಸರಪಳಿ ಎಲ್ಲಿ ಎಷ್ಟು ತಿರುಗಬಹುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಕೇವಲ ಎರಡು ಕೋನಗಳಲ್ಲಿ ಹಿಡಿದಿಟ್ಟ ನಕ್ಷೆ ಅದು. ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ 1963ರಲ್ಲಿ ಮದ್ರಾಸಿನಲ್ಲಿದ್ದಾಗ ಅದನ್ನು ಪ್ರಕಟಿಸಿದರು. ನಂತರ ಅವರು ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದ್ದು ಎಲ್ಲಿ? ನಮ್ಮ ಲಗ್ಗೆರೆಯಿಂದ ಯಶವಂತಪುರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ! ಎಷ್ಟು ಸಲ ಬಸ್ಸಿನ ಕಿಟಕಿಯಿಂದ ಆ ಕಾಂಪೌಂಡ್ ನೋಡಿದ್ದೇನೆ.

ಅದೇ ವಿಭಾಗದಲ್ಲಿ ಎಂ. ವಿಜಯನ್ ಅವರ ತಂಡ 1996ರಲ್ಲಿ ಹಲಸಿನ ಬೀಜದ ಜಾಕಲಿನ್ ಎಂಬ ಪ್ರೋಟೀನಿನ ರಚನೆಯನ್ನು ಬಿಡಿಸಿತು. 2005ರಲ್ಲಿ ಬಾಳೆಹಣ್ಣಿನ ಲೆಕ್ಟಿನ್ನಿನ ರಚನೆಯನ್ನೂ ಪ್ರಕಟಿಸಿತು. ಸಾರಿಗೆ ಹಾಕುವ ಬೀಜ, ತಾಂಬೂಲದ ತಟ್ಟೆಯ ಹಣ್ಣು! ಬಾಳೆಯ ಆ ಲೆಕ್ಟಿನ್ ಎಚ್‌ಐವಿಯ ಮೈಮೇಲಿನ ಸಕ್ಕರೆಯನ್ನು ಹಿಡಿದು ಅದನ್ನು ತಡೆಯಬಲ್ಲದು ಎಂದು 2010ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ತೋರಿಸಿದರು.

ಹುಡುಗಿ ಒಂದು ವಿಷಯವನ್ನು ಮಾತ್ರ ಬಹಳ ಒತ್ತಿ ಹೇಳಿದಳು, ನಾನೂ ಒತ್ತಿಯೇ ಬರೆಯುತ್ತೇನೆ. ಪರದೆಯ ಅಂಕಿ ಔಷಧಿಯಲ್ಲ. ಅಣು ಕರುಳಿನಲ್ಲಿ ಕರಗಬೇಕು, ರಕ್ತಕ್ಕೆ ಸೇರಬೇಕು, ಯಕೃತ್ತು ಅದನ್ನು ಒಡೆದು ಹಾಕುವ ಮುಂಚೆ ಜಾಗ ತಲುಪಬೇಕು. ಅರಿಶಿನದ ಕರ್ಕ್ಯುಮಿನ್ ಯಾವ ಬೀಗಕ್ಕೆ ಹಾಕಿದರೂ ಹೊಂದಿಕೊಂಡಂತೆ ಕಾಣುತ್ತದೆ. ರೋಗಿಗಳ ಮೇಲಿನ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಅದು ಗೆದ್ದಿಲ್ಲ ಎಂದು 2017ರಲ್ಲಿ ರಸಾಯನತಜ್ಞರು ವಿವರವಾಗಿ ಬರೆದಿದ್ದಾರೆ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. 6ಎಲ್‌ಯು7ರ ಅದೇ ಸಂದಿಗೆ ಸರಿಯಾಗಿ ಕೂತು ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತುರ್ತು ಅನುಮತಿ ಪಡೆದ ನಿರ್ಮಾಟ್ರೆಲ್ವಿರ್ ಎಂಬ ಮಾತ್ರೆ ಗಿಡದಿಂದ ಬಂದದ್ದಲ್ಲ, ರಸಾಯನಶಾಲೆಯಲ್ಲಿ ಕಟ್ಟಿದ್ದು. ಹಾಗಾದರೆ ಈ ಹುಡುಕಾಟ ದಂಡವೇ? ಖಂಡಿತ ಅಲ್ಲ. ನೆಲಬೇವಿನ ಅಣು ಈ ಕತ್ತರಿಯನ್ನು ತಡೆಯುತ್ತದೆ ಎಂದು ತೈವಾನಿನವರು 2020ರಲ್ಲೇ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡಿದ್ದಾರೆ. ಹದಿನಾಲ್ಕು ಸಾವಿರ ಅಣುಗಳನ್ನು ಒಂದೊಂದಾಗಿ ನಳಿಕೆಯಲ್ಲಿ ಪರೀಕ್ಷಿಸಲು ಎಷ್ಟು ಕಾಲ, ಎಷ್ಟು ಹಣ ಬೇಕು! ಎಲ್ಲಿಂದ ಶುರು ಮಾಡಬೇಕು ಎಂದು ಬೆರಳಿಟ್ಟು ತೋರಿಸುವುದು ಈ ಜರಡಿ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಲೆನಾಡು ಕಣ್ಣ ಮುಂದೆ ಬರುತ್ತಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಉಣುಗಿನಿಂದ ಹರಡುವ ಆ ಮಂಗನ ಕಾಯಿಲೆಯ ವೈರಸ್ ಡೆಂಗಿಯ ಬಳಗದ್ದು. ಅದರೊಳಗೂ ಇಂಥದೇ ಒಂದು ಕತ್ತರಿ ಇದೆ. ಅದೇ ಕಾಡಿನ ಸುತ್ತ ನೂರಾರು ಔಷಧಿ ಗಿಡಗಳಿವೆ, ಅವುಗಳನ್ನು ಬಲ್ಲ ನಾಟಿ ವೈದ್ಯರಿದ್ದಾರೆ.

ಲಗ್ಗೆರೆಯ, ಸೊರಬದ, ಸಾಗರದ ಓದುವ ಮಕ್ಕಳೇ, ತಂತ್ರಾಂಶಕ್ಕೆ ದುಡ್ಡಿಲ್ಲ, ಗಿಡಗಳ ಕಣಜಕ್ಕೆ ಬೀಗವಿಲ್ಲ, ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ನಡೆಯುತ್ತದೆ. ಮಂಗನ ಕಾಯಿಲೆಯ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಶುರು ಮಾಡಿ.