ಪರದೇಶದ ಮೈದಾನಕ್ಕೆ ಊರ ಮಕ್ಕಳು: ಎಲ್ಲಿಗೆ, ಯಾವಾಗ, ಯಾರ ಎದುರು

ಶಾಲಾ ತಂಡವೊಂದು ಆಟಕ್ಕಾಗಿ ಹೊರದೇಶಕ್ಕೆ ಹೋಗುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಆಯ್ಕೆಯಾಗಿ ಹೋಗುವುದು. ವಲಯ, ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತಿ ರಾಷ್ಟ್ರೀಯ ಶಾಲಾ ಕೂಟದಲ್ಲಿ ಮಿಂಚಿದ ಉಡುಪಿ ಜಿಲ್ಲೆಯ ಹುಡುಗಿಯೊಬ್ಬಳನ್ನು ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ಅಂತರರಾಷ್ಟ್ರೀಯ ಶಾಲಾ ಕೂಟಕ್ಕೆ ಕಳಿಸಬಹುದು. 2022ರಲ್ಲಿ ಅಂಥ ಕೂಟ ಫ್ರಾನ್ಸಿನ ನಾರ್ಮಂಡಿಯಲ್ಲಿ ನಡೆಯಿತು. ಈ ದಾರಿಯಲ್ಲಿ ಹೋಗುವವರಿಗೆ ಊರನ್ನು ಆರಿಸುವ ತಾಪತ್ರಯವಿಲ್ಲ. ಕೂಟ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಎರಡನೆಯದು ಶಾಲೆಯೇ ಮುಂದೆ ನಿಂತು, ಪೋಷಕರ ಹಣದಲ್ಲಿ, ರಜೆಯ ಹತ್ತು ದಿನಕ್ಕೆ ಏರ್ಪಡಿಸುವ ಪ್ರವಾಸ. ಇಲ್ಲಿ ಊರು, ಸಮಯ, ಎದುರಾಳಿ ಎಲ್ಲವನ್ನೂ ಶಾಲೆಯೇ ಗೊತ್ತುಮಾಡಬೇಕು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದಂಥ ಊರುಗಳ ಶಾಲೆಗಳು ಈ ಎರಡನೆಯ ಬಗೆಯನ್ನು ಯೋಚಿಸುವಾಗ ತಿಳಿದಿರಬೇಕಾದ ಸಂಗತಿಗಳು ಬಹಳಷ್ಟಿವೆ.

ಟ್ರಾವೆಲ್ ಏಜೆನ್ಸಿಯ ಕರಪತ್ರದಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಎತ್ತರದ ಕಟ್ಟಡ, ಕೇಬಲ್ ಕಾರು, ವಾಟರ್ ಪಾರ್ಕು. ಆಟದ ಮಾತು ಕೊನೆಯ ಪುಟದಲ್ಲಿ ‘ಎರಡು ಸೌಹಾರ್ದ ಪಂದ್ಯ’ ಎಂಬ ಒಂದು ಸಾಲಿಗೆ ಮುಗಿದಿರುತ್ತದೆ. ಇಲ್ಲಿಯೇ ಆಯ್ಕೆ ದಾರಿ ತಪ್ಪುತ್ತದೆ. ಕ್ರೀಡಾ ಪ್ರವಾಸಕ್ಕೆ ಊರನ್ನು ಹುಡುಕುವ ಮೊದಲು ಎದುರಾಳಿಯನ್ನು ಹುಡುಕಬೇಕು. ನಮ್ಮ ಮಕ್ಕಳ ವಯಸ್ಸಿನ, ನಮ್ಮ ಮಕ್ಕಳಿಗಿಂತ ತುಸು ಮೇಲಿನ ಮಟ್ಟದ, ಆ ದಿನಗಳಲ್ಲಿ ಶಾಲೆಗೆ ಬರುತ್ತಿರುವ ತಂಡ ಎಲ್ಲಿದೆಯೋ ಅದೇ ಸರಿಯಾದ ಊರು. ಮಿಕ್ಕಿದ್ದೆಲ್ಲ ಆಮೇಲಿನ ಲೆಕ್ಕ.

ಆಟ ಬದಲಾದಂತೆ ಭೂಪಟವೂ ಬದಲಾಗುತ್ತದೆ. ಕರಾವಳಿಯ ಶಾಲೆಗಳಲ್ಲಿ ಬೇರೂರಿರುವ ವಾಲಿಬಾಲನ್ನೇ ನೋಡಬಹುದು. ಶ್ರೀಲಂಕಾ 1991ರಲ್ಲಿ, ನೇಪಾಳ 2017ರಲ್ಲಿ ವಾಲಿಬಾಲನ್ನು ರಾಷ್ಟ್ರೀಯ ಕ್ರೀಡೆಯಾಗಿ ಘೋಷಿಸಿವೆ; ಎರಡೂ ಕಡೆ ಹಳ್ಳಿ ಶಾಲೆಯ ಅಂಗಳದಲ್ಲೂ ನೆಟ್ ಕಟ್ಟಿರುತ್ತದೆ. ಖೋ ಖೋ ಆಡುವ ಶಾಲೆಗೂ ನೇಪಾಳವೇ ಒಳ್ಳೆಯ ಜಾಗ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಪುರುಷರ, ಮಹಿಳೆಯರ ಎರಡೂ ಫೈನಲ್‌ಗಳಲ್ಲಿ ಭಾರತದ ಎದುರು ನಿಂತದ್ದು ನೇಪಾಳ. ಕ್ರಿಕೆಟ್ ತಂಡಕ್ಕೆ ಶ್ರೀಲಂಕಾಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ. ಕೊಲಂಬೊದ ರಾಯಲ್ ಕಾಲೇಜು ಮತ್ತು ಮೌಂಟ್ ಲವಿನಿಯಾದ ಸೇಂಟ್ ಥಾಮಸ್ ಕಾಲೇಜುಗಳ ನಡುವಿನ ವಾರ್ಷಿಕ ಪಂದ್ಯಕ್ಕೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯ ಚರಿತ್ರೆಯಿದೆ; ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆ ಬಂದಂತೆ ಬಂದು ಸೇರುತ್ತಾರೆ. ಟೆನಿಸ್ ಬಾಲಿನಲ್ಲಿ ಸಿಕ್ಸರ್ ಎತ್ತುವ ನಮ್ಮ ಹುಡುಗನಿಗೆ, ಲೆದರ್ ಬಾಲಿನಲ್ಲಿ ದಿನವಿಡೀ ತಾಳ್ಮೆಯಿಂದ ಆಡುವ ಅಲ್ಲಿಯ ಹದಿನೈದರ ಹುಡುಗನನ್ನು ನೋಡುವುದೇ ಒಂದು ಪಾಠ. ಬ್ಯಾಡ್ಮಿಂಟನ್ನಿಗೆ ಮಲೇಷ್ಯಾ, ಈಜಿಗೆ ಸಿಂಗಾಪುರ ಅಥವಾ ದುಬೈ. ದುಬೈಯ ಹಮ್ದಾನ್ ಸಂಕೀರ್ಣದಲ್ಲಿ 2010ರಲ್ಲಿ ವಿಶ್ವ ಶಾರ್ಟ್ ಕೋರ್ಸ್ ಈಜು ಚಾಂಪಿಯನ್‌ಷಿಪ್ ನಡೆದಿತ್ತು.

ಊರು ಮನಸ್ಸಿಗೆ ಬಂದ ಮೇಲೆ ಮುಂದಿನ ಪ್ರಶ್ನೆ ಸಮಯದ್ದು, ಹೆಚ್ಚಿನ ಪ್ರವಾಸಗಳು ಸೋಲುವುದೂ ಇಲ್ಲಿಯೇ. ನಮ್ಮ ಶಾಲೆಗಳಿಗೆ ಬಿಡುವಿರುವುದು ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯಲ್ಲಿ, ಮತ್ತೆ ದಸರಾದಲ್ಲಿ. ಕ್ರೈಸ್ತ ಆಡಳಿತದ ಕೆಲವು ಶಾಲೆಗಳಲ್ಲಿ ಕ್ರಿಸ್‌ಮಸ್ ರಜೆಯೂ ಇದೆ. ಆದರೆ ಹಬ್ಬಗಳಿಗೆ ಗಡಿಯಿಲ್ಲ. ತುಳುನಾಡು ಬಿಸು ಆಚರಿಸುವ ಏಪ್ರಿಲ್ ನಡುವಿನಲ್ಲೇ ಸಿಂಹಳೀಯರ ಮತ್ತು ತಮಿಳರ ಹೊಸವರ್ಷ ಬರುತ್ತದೆ. ಶ್ರೀಲಂಕಾದ ಶಾಲೆಗಳು ಆಗ ಮುಚ್ಚಿರುತ್ತವೆ. ನಮ್ಮ ದಸರಾಕ್ಕೆ ಸರಿಯಾಗಿ ನೇಪಾಳದಲ್ಲಿ ದಶೈಂ. ಅದು ಅಲ್ಲಿಯ ಅತಿ ದೊಡ್ಡ ಹಬ್ಬ, ಮಕ್ಕಳು ಅಜ್ಜಿಯ ಊರಿಗೆ ಹೋಗುವ ಕಾಲ. ‘ದಸರಾ ರಜೆಗೆ ಕಠ್ಮಂಡು’ ಎಂದು ಹೊರಟ ತಂಡಕ್ಕೆ ಹಿಮಾಲಯ ಸಿಗುತ್ತದೆ, ಎದುರಾಳಿ ಸಿಗುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ದುಬೈಯ ಹವೆ ಬಲು ಹಿತ, ಆದರೆ ಅಲ್ಲಿಯ ಶಾಲೆಗಳಿಗೂ ಅದೇ ಚಳಿಗಾಲದ ರಜೆ. ಆಗ ಆಡುವುದಿದ್ದರೆ ಖಾಸಗಿ ಅಕಾಡೆಮಿಗಳ ಜೊತೆಗೇ ಆಡಬೇಕು.

ಹವೆಯನ್ನೂ ಸೇರಿಸಿ ನೋಡಿದರೆ ಒಂದು ಕ್ರಮ ಹೊಳೆಯುತ್ತದೆ. ಹೊಸವರ್ಷದ ರಜೆ ಮುಗಿದ ನಂತರ, ಮೇ ಕೊನೆಗೆ ನೈಋತ್ಯ ಮಾರುತ ಕೊಲಂಬೊ ಕಡೆಯ ಕರಾವಳಿಯನ್ನು ಹಿಡಿಯುವ ಮೊದಲು, ಶ್ರೀಲಂಕಾದಲ್ಲಿ ಆಡಲು ಒಂದಿಷ್ಟು ದಿನ ಸಿಗುತ್ತದೆ. ಅಕ್ಟೋಬರದಲ್ಲಿ ಅಲ್ಲಿ ಶಾಲಾ ಕ್ರಿಕೆಟ್ ಋತು ಶುರುವಾಗಿರುತ್ತದೆ, ಆದರೆ ಸಂಜೆ ಗುಡುಗು ಮಳೆಯ ಭಯವಿದೆ. ಬೆಳಗ್ಗೆ ಬೇಗ ಪಂದ್ಯ ಇಟ್ಟುಕೊಳ್ಳುವುದು ಲೇಸು. ನೇಪಾಳದಲ್ಲಿ ಏಪ್ರಿಲ್ ನಡುವೆ ಹೊಸವರ್ಷ ಕಳೆದು ಹೊಸ ತರಗತಿಗಳು ತೊಡಗುತ್ತವೆ, ಮುಂಗಾರು ಬರುವುದು ಜೂನಿನಲ್ಲಿ. ಹಾಗಾಗಿ ಮೇ ಮೊದಲ ಎರಡು ವಾರ ನಮ್ಮ ರಜೆಗೂ ಅವರ ಶಾಲೆಗೂ ಚೆನ್ನಾಗಿ ಹೊಂದುತ್ತದೆ. ಗಲ್ಫಿನ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಜುಲೈ–ಆಗಸ್ಟಿನಲ್ಲಿ. ಏಪ್ರಿಲ್, ಅಕ್ಟೋಬರ್ ಎರಡರಲ್ಲೂ ಅವು ನಡೆಯುತ್ತಿರುತ್ತವೆ. ಬಿಸಿಲು ಮಾತ್ರ ಎಚ್ಚರಿಕೆಯ ವಿಷಯ. ಯುಎಇ ಸರ್ಕಾರ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆವರೆಗೆ ಬಯಲಲ್ಲಿ ಕೆಲಸ ಮಾಡಿಸುವುದನ್ನೇ ನಿಷೇಧಿಸಿದೆ. ಏಪ್ರಿಲ್, ಅಕ್ಟೋಬರದಲ್ಲೂ ಮಕ್ಕಳನ್ನು ದೀಪದ ಬೆಳಕಿನಲ್ಲಿ, ರಾತ್ರಿಯ ಹೊತ್ತೇ ಆಡಿಸಬೇಕು.

ದಸರಾ ಪ್ರವಾಸಕ್ಕೆ ಇನ್ನೊಂದು ತೊಡಕಿದೆ. ಇಲಾಖೆಯ ಕ್ರೀಡಾಕೂಟಗಳು ಮೇಲಿನ ಹಂತಕ್ಕೆ ಏರುವ ಕಾಲವೂ ಹೆಚ್ಚುಕಡಿಮೆ ಅದೇ. ವಿಭಾಗ ಮಟ್ಟಕ್ಕೆ ಆಯ್ಕೆಯಾದ ಹುಡುಗನನ್ನು ಅದೇ ವಾರ ವಿಮಾನ ಹತ್ತಿಸುವುದು ಅವನಿಗೆ ಮಾಡುವ ಅನ್ಯಾಯ.

ದೂರದ ಲೆಕ್ಕದಲ್ಲಿ ಉಡುಪಿ ಜಿಲ್ಲೆಯ ಅದೃಷ್ಟ ಚೆನ್ನಾಗಿದೆ. ಮಂಗಳೂರು ವಿಮಾನ ನಿಲ್ದಾಣ ಕಾಪು, ಕಾರ್ಕಳ ಎರಡಕ್ಕೂ ಹತ್ತಿರ. ಅಲ್ಲಿಂದ ದುಬೈಗೆ ನೇರ ವಿಮಾನದಲ್ಲಿ ಮೂರೂವರೆ–ನಾಲ್ಕು ಗಂಟೆ. ಕೊಲಂಬೊಗೆ ಹೋಗುವುದಾದರೆ ಬೆಂಗಳೂರಿನ ತನಕ ರಾತ್ರಿ ಬಸ್ಸು, ಅಲ್ಲಿಂದ ಒಂದೂವರೆ ಗಂಟೆಯ ಹಾರಾಟ. ಗಡಿಯಾರದ ಮುಳ್ಳನ್ನೂ ತಿರುಗಿಸಬೇಕಿಲ್ಲ. ಶ್ರೀಲಂಕಾದ ಸಮಯವೂ ನಮ್ಮ ಸಮಯವೂ ಒಂದೇ. ನೇಪಾಳ ಕಾಲು ಗಂಟೆ ಮುಂದಿದೆ, ಸಿಂಗಾಪುರ–ಮಲೇಷ್ಯಾ ಎರಡೂವರೆ ಗಂಟೆ. ಹತ್ತು ದಿನದ ಪ್ರವಾಸದಲ್ಲಿ ನಿದ್ದೆ ಸರಿಹೋಗಲಿಕ್ಕೇ ಮೂರು ದಿನ ಕಳೆದರೆ ಆಡುವುದು ಯಾವಾಗ? ಯುರೋಪು ಮೊದಲ ಪ್ರವಾಸಕ್ಕೆ ತಕ್ಕುದಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1975ರಿಂದ ನಡೆದುಬಂದಿರುವ ಗೋಥಿಯಾ ಕಪ್ ಮಕ್ಕಳ ಫುಟ್‌ಬಾಲಿನ ಹೆಸರಾಂತ ಕೂಟವೇನೋ ಹೌದು, ಆದರೆ ಅದು ಜುಲೈ ತಿಂಗಳಲ್ಲಿ. ಇಲ್ಲಿ ಆಗ ಜಡಿಮಳೆ, ತುಂಬು ಪಾಠದ ದಿನಗಳು, ಮೈದಾನದಲ್ಲಿ ಅಭ್ಯಾಸಕ್ಕೂ ಜಾಗವಿರುವುದಿಲ್ಲ.

ಪರಿಚಯದವರು ಇರುವ ಊರು ಅರ್ಧ ನೆಮ್ಮದಿ ಕೊಡುತ್ತದೆ. ಕಾಪು, ಶಿರ್ವ, ಕಟಪಾಡಿಯ ಎಷ್ಟೋ ಮನೆಗಳಿಂದ ಯಾರಾದರೊಬ್ಬರು ಗಲ್ಫಿನಲ್ಲಿದ್ದಾರೆ; ಬಹರೈನ್, ದುಬೈ, ಅಬುಧಾಬಿಗಳಲ್ಲಿ ಕನ್ನಡ ಸಂಘಗಳಿವೆ. ಮಣಿಪಾಲದ ಹೆಸರು ಇನ್ನೂ ದೂರ ಹೋಗಿದೆ. ಮಣಿಪಾಲ ಸಂಸ್ಥೆಗಳು 1994ರಲ್ಲಿ ನೇಪಾಳದ ಪೋಖರಾದಲ್ಲಿ, 1997ರಲ್ಲಿ ಮಲೇಷ್ಯಾದ ಮೆಲಾಕದಲ್ಲಿ ವೈದ್ಯಕೀಯ ಕಾಲೇಜು ತೆರೆದವು, 2000ದಲ್ಲಿ ದುಬೈಯಲ್ಲಿ ಕ್ಯಾಂಪಸ್ ಶುರುಮಾಡಿದವು. ಹಾಗಾಗಿ ಆ ಊರುಗಳನ್ನು ಕಂಡುಬಂದ ವೈದ್ಯರು, ಅಧ್ಯಾಪಕರು ಇಲ್ಲಿಯೇ ಸಿಗುತ್ತಾರೆ. ಮೈದಾನ ಹೇಗಿದೆ, ಆಸ್ಪತ್ರೆ ಎಷ್ಟು ದೂರ, ಮಕ್ಕಳಿಗೆ ಯಾವ ಹೋಟೆಲು ಸುರಕ್ಷಿತ ಎಂದು ಏಜೆನ್ಸಿಯನ್ನು ಕೇಳುವ ಬದಲು ಇಂಥವರನ್ನು ಕೇಳುವುದು ಒಳ್ಳೆಯದು. ಗಲ್ಫಿನಲ್ಲಿ ಒಂದು ಅಪಾಯವೂ ಇದೆ: ಎದುರಾಳಿ ತಂಡದಲ್ಲೂ ಕರಾವಳಿಯ ಮಕ್ಕಳೇ ತುಂಬಿರಬಹುದು. ಸ್ನೇಹಕ್ಕೆ ಅದು ಚೆಂದ, ಆದರೆ ಹೊಸ ಬಗೆಯ ಆಟ ಕಾಣಬೇಕೆಂದರೆ ಬೇರೆ ದೇಶದ ಮಕ್ಕಳಿರುವ ತಂಡದ ಎದುರು ಒಂದೆರಡು ಪಂದ್ಯವಾದರೂ ಇರಬೇಕು.

ಆಡುವ ನೆಲವನ್ನು ಮೊದಲೇ ಕೇಳಿ ತಿಳಿಯಬೇಕು. ಕಬಡ್ಡಿ ಮಣ್ಣಿನಲ್ಲೋ ಮ್ಯಾಟಿನಲ್ಲೋ, ಕ್ರಿಕೆಟ್ ಟರ್ಫಿನಲ್ಲೋ ಮ್ಯಾಟಿಂಗ್‌ನಲ್ಲೋ ಎಂಬುದರ ಮೇಲೆ ಶೂಗಳೇ ಬದಲಾಗುತ್ತವೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವುದಿದ್ದರೆ ಕಾರ್ಕಳ, ಕಾಪುವಿನ ಮಕ್ಕಳು ಮೊದಲು ಕೆಲವು ವಾರ ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣದಲ್ಲಿ ಸ್ಪೈಕ್ ತೊಟ್ಟು ಓಡಿ ರೂಢಿಯಾಗಬೇಕು. ಬ್ಯಾಡ್ಮಿಂಟನ್ ಆಡುವವರಿಗೆ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕಠ್ಮಂಡು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಮೇಲಿದೆ. ಗಾಳಿ ತೆಳುವಾದ ಕಡೆ ಶಟಲ್ ಹೆಚ್ಚು ದೂರ ಹಾರುತ್ತದೆ. ಕಡಲಂಚಿನಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಟಾಸ್ ಅಲ್ಲಿ ಗೆರೆಯಾಚೆ ಬೀಳುತ್ತದೆ. ಡಬ್ಬಿಯ ಮೇಲೆ ನಮೂದಿಸಿದ ವೇಗದ ಸಂಖ್ಯೆ ಕಡಿಮೆಯಿರುವ ಶಟಲ್‌ ಅಲ್ಲಿಗೆ ಬೇಕು, ಮೊದಲ ದಿನವನ್ನು ಅಭ್ಯಾಸಕ್ಕೇ ಬಿಡಬೇಕು.

ಊಟದ ವಿಷಯ ಸಣ್ಣದೆಂದು ಬಿಡುವಂತಿಲ್ಲ. ಕಾರ್ಕಳದ ಜೈನ ಮನೆಗಳ ಮಕ್ಕಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವವರಿರುತ್ತಾರೆ. ಅದೇ ತಂಡದಲ್ಲಿ ಮೀನಿಲ್ಲದೆ ಊಟ ಸೇರದವರೂ, ಹಲಾಲ್ ಬೇಕಾದವರೂ ಇರುತ್ತಾರೆ. ಕೊಲಂಬೊದಲ್ಲಿ ಒತ್ತುಶ್ಯಾವಿಗೆಯಂಥ ತಿಂಡಿಯೂ ತೆಂಗಿನಕಾಯಿಯ ಸಾಂಬಾಲೂ ಸಿಗುವುದರಿಂದ ನಮ್ಮವರ ಹೊಟ್ಟೆಗೆ ಕಷ್ಟವಿಲ್ಲ. ದುಬೈ, ಸಿಂಗಾಪುರ, ಕೌಲಾಲಂಪುರದಲ್ಲಿ ದಕ್ಷಿಣ ಭಾರತದ ಹೋಟೆಲುಗಳಿವೆ. ಯುಎಇಗೆ ಹೋಗುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಮನೆಯಿಂದ ಕಟ್ಟಿಕೊಡುವ ಉಂಡೆ, ಮಸಾಲೆಪುಡಿ ಯಾವುದರಲ್ಲೂ ಗಸಗಸೆ ಇರಬಾರದು. ನಮ್ಮ ಅಡುಗೆಮನೆಯಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಅಲ್ಲಿ ನಿಷಿದ್ಧ ವಸ್ತು. ಕೆಲವು ನೋವಿನ ಮಾತ್ರೆಗಳು, ಕೆಮ್ಮಿನ ಔಷಧಿಗಳಿಗೂ ನಿರ್ಬಂಧವಿದೆ. ವೈದ್ಯರ ಚೀಟಿ ಜೊತೆಗಿರಬೇಕು, ಔಷಧಿಗಳೆಲ್ಲ ಜೊತೆಗೆ ಹೋಗುವ ಶಿಕ್ಷಕರ ಕೈಯಲ್ಲೇ ಇರಬೇಕು.

ಕಾಗದಪತ್ರಗಳಲ್ಲಿ ನೇಪಾಳ ಎಲ್ಲಕ್ಕಿಂತ ಸಲೀಸು. ಭಾರತೀಯರಿಗೆ ವೀಸಾ ಬೇಡ. ಹದಿನೈದರೊಳಗಿನ ಮಕ್ಕಳಿಗೆ ಗುರುತು, ವಯಸ್ಸು ತೋರಿಸುವ ಫೋಟೊ ಇರುವ ದಾಖಲೆ ಸಾಕು, 15ರಿಂದ 18ರವರಿಗೆ ನಿಗದಿತ ನಮೂನೆಯಲ್ಲಿ ಮುಖ್ಯೋಪಾಧ್ಯಾಯರು ಕೊಡುವ ಗುರುತಿನ ಪತ್ರ ನಡೆಯುತ್ತದೆ. ಪಾಸ್‌ಪೋರ್ಟ್ ಮಾಡಿಸಲಾಗದ ಮನೆಯ ಮಗುವೂ ತಂಡದಲ್ಲಿ ಉಳಿಯುವುದು ಇದರಿಂದ ಸಾಧ್ಯವಾಗುತ್ತದೆ. ಉಳಿದ ದೇಶಗಳಿಗೆ ಪಾಸ್‌ಪೋರ್ಟ್ ಬೇಕೇಬೇಕು, ಹೆಚ್ಚಿನ ಕಡೆ ಅದರ ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿರಬೇಕು. ಇಂಗ್ಲೆಂಡಿಗಾದರೆ ಇಡೀ ತಂಡವನ್ನೇ ಬೆರಳಚ್ಚು ಕೊಡಲು ವೀಸಾ ಕೇಂದ್ರಕ್ಕೆ ಕರೆದೊಯ್ಯಬೇಕು. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಬೇಕು. ವಿಮೆಯ ಪತ್ರದಲ್ಲಿ ಆಟದಲ್ಲಾಗುವ ಗಾಯವೂ ಸೇರಿದೆಯೇ ಎಂದು ಓದಬೇಕು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಅದು ಸೇರಿರದೆ ಇರಬಹುದು.

ಸುರಕ್ಷತೆಯ ಮಾತು ಬಂದಾಗ ಸಮುದ್ರವನ್ನು ಮರೆಯಬಾರದು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಕಾಪುವಿನ ಮಕ್ಕಳಿಗೆ ತಮ್ಮ ಕಡಲು ಗೊತ್ತು. ಪರವೂರಿನ ಕಡಲೂ ಗೊತ್ತೆಂದು ಅವರು ಭಾವಿಸುವುದೇ ಅಪಾಯ. ಹುಡುಗಿಯರ ತಂಡಕ್ಕೆ ಶಿಕ್ಷಕಿಯರು ಜೊತೆಗಿರಲೇಬೇಕು. ಆತಿಥೇಯರ ಮನೆಗಳಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಉಳಿಸುವ ಪದ್ಧತಿಗಿಂತ ಇಡೀ ತಂಡ ಒಂದೇ ಹಾಸ್ಟೆಲಿನಲ್ಲಿ ಇರುವುದು ಮೇಲು.

ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯುವುದು ‘ಅಂತರರಾಷ್ಟ್ರೀಯ’ ಎಂಬ ಪದದ ಹೆಸರಿನಲ್ಲಿ. ಹೊರದೇಶದ ಒಂದು ಹಾಲ್ ಬಾಡಿಗೆಗೆ ಹಿಡಿದು, ಅಲ್ಲಿಗೆ ಭಾರತದಿಂದಲೇ ನಾಲ್ಕಾರು ತಂಡ ಕರೆದೊಯ್ದು, ಬಂದವರಿಗೆಲ್ಲ ಪದಕ ಕೊಡುವ ಕೂಟಗಳಿವೆ. ಊರಿಗೆ ಮರಳಿದಾಗ ಮೆರವಣಿಗೆ, ಫ್ಲೆಕ್ಸು, ಪತ್ರಿಕೆಯಲ್ಲಿ ಫೋಟೊ. ಆ ಪ್ರಮಾಣಪತ್ರವನ್ನು ಕ್ರೀಡಾ ಕೋಟಾಕ್ಕೆ ಹಿಡಿದುಹೋದಾಗ ಸತ್ಯ ತಿಳಿಯುತ್ತದೆ. ಕೇಂದ್ರ ಸರ್ಕಾರಿ ಹುದ್ದೆಗಳ ನಿಯಮದಂತೆ ಅಂತರರಾಷ್ಟ್ರೀಯ ಸ್ಪರ್ಧೆಯ ಪ್ರಮಾಣಪತ್ರ ಆ ಕ್ರೀಡೆಯ ರಾಷ್ಟ್ರೀಯ ಫೆಡರೇಶನ್ನಿನಿಂದ ಬರಬೇಕು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದ ಇದೇ ಜಿಲ್ಲೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಹೋದದ್ದು ಭಾರತ ತಂಡಕ್ಕೆ ಆಯ್ಕೆಯಾಗಿ. ಹಣ ಕಟ್ಟಿ ಸೇರುವ ಕೂಟ ಯಾವ ಮಗುವನ್ನೂ ಅಲ್ಲಿಗೆ ಮುಟ್ಟಿಸುವುದಿಲ್ಲ. ಶಾಲಾ ಪ್ರವಾಸವನ್ನು ಪ್ರವಾಸವೆಂದೇ, ಸೌಹಾರ್ದ ಪಂದ್ಯಗಳೆಂದೇ ಕರೆದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಹಣ ಕಟ್ಟಬಲ್ಲವರಷ್ಟೇ ಹೋದರೆ ಅದು ಶಾಲೆಯ ತಂಡವೂ ಅಲ್ಲ. ಕಬಡ್ಡಿಯ ಅತ್ಯುತ್ತಮ ರೈಡರ್ ಮೀನುಗಾರರ ಮನೆಯ ಹುಡುಗನಾಗಿದ್ದು, ಖರ್ಚಿಗೆ ಹೆದರಿ ಅವನು ಹಿಂದೆ ಸರಿದರೆ ಉಳಿದವರು ಯಾವ ಬಲದ ಮೇಲೆ ಆಡುತ್ತಾರೆ? ಹಳೆಯ ವಿದ್ಯಾರ್ಥಿ ಸಂಘ, ಊರಿನ ದಾನಿಗಳು, ಗಲ್ಫಿನಲ್ಲಿರುವವರು ಅಂಥ ಒಬ್ಬಿಬ್ಬರ ಖರ್ಚು ಹೊರುವುದು ನಮ್ಮ ಜಿಲ್ಲೆಗೆ ಕಷ್ಟದ ಮಾತಲ್ಲ. ಅದೂ ಆಗದಿದ್ದರೆ ಹತ್ತಿರದ, ಕಡಿಮೆ ಖರ್ಚಿನ ದೇಶವನ್ನೇ ಆರಿಸಬೇಕು.

ಮಕ್ಕಳನ್ನು ಕಳಿಸಲು ಹೊರಟ ಪೋಷಕರು ಮುಂಗಡ ಹಣ ಕಟ್ಟುವ ಮೊದಲು ಶಾಲೆಯಿಂದ ಒಂದು ಕಾಗದ ಕೇಳಿ ಪಡೆಯಬೇಕು: ಇಂಥ ದಿನ, ಇಂಥ ಮೈದಾನದಲ್ಲಿ, ಇಂಥ ವಯಸ್ಸಿನ ನಮ್ಮ ತಂಡ ನಿಮ್ಮ ಮಕ್ಕಳೊಡನೆ ಆಡುತ್ತದೆ ಎಂದು ಎದುರಾಳಿ ಶಾಲೆಯೇ ಬರೆದು ಕೊಟ್ಟ ಪತ್ರ. ಅದು ಕೈಗೆ ಬರುವ ತನಕ ದಯವಿಟ್ಟು ಹಣ ಕಟ್ಟಬೇಡಿ.