ಮಳೆಗಾಲದ ಬೇಸಿಗೆ ಶಾಲೆ

ಜೂನ್, ಜುಲೈ ಬಂತೆಂದರೆ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಸಮ್ಮರ್ ಸ್ಕೂಲುಗಳ ಹಂಗಾಮು. ಎರಡು ಮೂರು ವಾರದ ಕೋರ್ಸು, ಐದಾರು ದೇಶಗಳ ವಿದ್ಯಾರ್ಥಿಗಳು ಒಂದೇ ಮೇಜಿನ ಸುತ್ತ. ಹೊಸ ವಸ್ತು ರೂಪಿಸುವ ಕಸುಬನ್ನು, ಅವರ ಮಾತಿನಲ್ಲಿ ಪ್ರಾಡಕ್ಟ್ ಇನ್ನೋವೇಶನ್ ಎಂಬುದನ್ನು, ಕಲಿಸುವ ಶಾಲೆಗಳೂ ಅದರಲ್ಲಿ ಉಂಟು. ಅವರಿಗೆ ಅದು ಬೇಸಿಗೆ. ಉತ್ತರ ಕನ್ನಡದ ಕುಮಟಾದಲ್ಲಿ ಆ ಹೊತ್ತಿಗೆ ಕೊಡೆ ಒಣಗಿಸುವಷ್ಟು ಬಿಸಿಲೂ ಇರುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುತ್ತದೆ. ಕತಗಾಲ, ಸಂತೆಗುಳಿ ಕಡೆಯ ಅಡಿಕೆ ತೋಟಗಳಲ್ಲಿ ಅದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ವಸ್ತು ರೂಪಿಸುವ ಕಸುಬನ್ನು ಕಲಿಯಲು ಅಷ್ಟು ಚಲೋ ತರಗತಿ ಬೇರೆಲ್ಲಿ ಸಿಕ್ಕೀತೋ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಮೊದಲ ಕೆಲಸ ಬ್ಯಾರಲ್ಲಿನ ಹತ್ತಿರ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕದಡಿಟ್ಟು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕೋಲಿನಿಂದ ತಿರುವಬೇಕು. ಆಕಾಶನೀಲಿ ಬಣ್ಣದ ಬೋರ್ಡೋ ದ್ರಾವಣ ತಯಾರಾಗುತ್ತದೆ. ಹದ ಬಂದಿದೆಯೋ ಇಲ್ಲವೋ ನೋಡಲು ಯಾರೂ ಪೇಟೆಗೆ ಓಡುವುದಿಲ್ಲ. ಕತ್ತಿಯ ಅಲಗನ್ನು ಉಜ್ಜಿ ಹೊಳಪು ಬರಿಸಿ ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲಲಿಲ್ಲವೆಂದು ಲೆಕ್ಕ. ಇನ್ನಷ್ಟು ಸುಣ್ಣದ ನೀರು ಹೊಯ್ದು ಮತ್ತೆ ಅದ್ದುತ್ತಾರೆ. ಅಲಗು ಅದ್ದಿದ ಹಾಗೇ ಮೇಲೆ ಬಂದರೆ ಔಷಧಿ ಮರಕ್ಕೆ ಹೋಗಬಹುದು. ಒಂದು ವಸ್ತುವನ್ನು ಬಳಸುವವನೇ, ತನ್ನ ಸೊಂಟದಲ್ಲಿದ್ದ ಸಲಕರಣೆಯಿಂದಲೇ, ನಿಂತ ಜಾಗದಲ್ಲೇ ಪರೀಕ್ಷಿಸಿಕೊಳ್ಳುವ ಹಾಗಿರಬೇಕು ಎಂಬುದು ವಿನ್ಯಾಸ ಕಲಿಯುವವರಿಗೆ ಬಹಳ ಕಷ್ಟಪಟ್ಟು ಒಗ್ಗುವ ಪಾಠ. ತೋಟದಲ್ಲಿ ಅದು ಕಾಫಿಗೆ ಮುಂಚೆ ಮುಗಿದಿರುತ್ತದೆ.

ಆಮೇಲೆ ಅಡಿಕೆ ಮರ ಹತ್ತುವ ಕಸುಬಿನ ಕೊನೆಗೌಡ ಮೇಲೇರುತ್ತಾನೆ. ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ಔಷಧಿಯ ಪೈಪು. ನಲವತ್ತು ಐವತ್ತು ಅಡಿಯ ಮರ, ಹಾವಸೆ ಹಿಡಿದು ಜಾರುವ ಕಾಂಡ. ಕೆಳಗೆ ಒಬ್ಬ ಗಟಾರ್ ಪಂಪಿನ ಹಿಡಿಕೆಯನ್ನು ಹಿಂದೆ ಮುಂದೆ ತಳ್ಳುತ್ತ ಮೇಲಿನ ಕೂಗಿಗೆ ಕಿವಿಗೊಟ್ಟಿರುತ್ತಾನೆ. ಒಂದು ಮರ ಆದಮೇಲೆ ಕೊನೆಗೌಡ ಇಳಿಯುವುದಿಲ್ಲ. ಪಕ್ಕದ ಮರವನ್ನು ಕೊಕ್ಕೆ ಹಾಕಿ ಎಳೆದುಕೊಂಡು, ತಾನು ಕೂತ ಮರವನ್ನೂ ಬಾಗಿಸಿ, ಅದರಿಂದ ಇದಕ್ಕೆ ದಾಟಿಬಿಡುತ್ತಾನೆ. ನೆಲದ ಮೇಲಿನಿಂದ ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ. ಇಳಿದು ಹತ್ತುವ ಶ್ರಮ ಉಳಿಯಿತು ಎಂಬುದು ಮಾತ್ರ ಅವನ ಲೆಕ್ಕ.

ಆ ಸಮ್ಮರ್ ಸ್ಕೂಲುಗಳಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಬೀಳುವ ಕಟ್ಟಳೆ, ಏನನ್ನೂ ಮಾಡಬೇಡಿ, ನೋಡಿ ಎಂಬುದು. ಎಂಜಿನಿಯರಿಂಗ್ ಓದಿದ ಹುಡುಗರಿಗೆ ಅದು ಶಿಕ್ಷೆಯ ಹಾಗೆ. ಸಮಸ್ಯೆ ಕೇಳುವ ಮೊದಲೇ ಅವರ ತಲೆಯಲ್ಲಿ ಮೋಟಾರು ತಿರುಗಲು ಶುರುವಾಗಿರುತ್ತದೆ. ಆದರೆ ನೋಡುವುದಕ್ಕೂ ಒಂದು ಕ್ರಮವಿದೆ. ಕೆಲಸದ ನಡುವೆ ಕೈ ಎಲ್ಲಿ ತಡೆಯಿತು, ಯಾವ ಕೈ ಖಾಲಿ ಇತ್ತು, ಸಲಕರಣೆಯನ್ನು ಕೆಳಗಿಡಲು ಜಾಗ ಸಿಕ್ಕಿತೋ ಅಥವಾ ಹಲ್ಲಿನಲ್ಲಿ ಕಚ್ಚಿಕೊಂಡನೋ ಇವನ್ನು ಬರೆದುಕೊಳ್ಳಬೇಕು. ಇನ್ನೂ ಮುಖ್ಯವಾದದ್ದು, ಬಳಸುವವರು ತಾವೇ ಸೇರಿಸಿಕೊಂಡ ತೇಪೆಗಳು. ಪಂಪಿನ ಹಿಡಿಕೆಗೆ ಯಾರೋ ಹಳೆ ಸೈಕಲ್ ಟ್ಯೂಬು ಸುತ್ತಿದ್ದಾರೆ ಅನ್ನಿ. ಹಿಡಿಕೆ ಮಾಡಿದ ಕಂಪನಿಗೆ ಮಳೆಯಲ್ಲಿ ನೆನೆದ ಅಂಗೈ ಹೊಳೆಯಲಿಲ್ಲ ಎಂದು ಆ ಟ್ಯೂಬು ಹೇಳುತ್ತಿರುತ್ತದೆ. ಚಿಂದಿ ಸುತ್ತಿದ ಕಡೆ, ತಂತಿ ಬಿಗಿದ ಕಡೆ, ಪೈಪನ್ನು ಬಾಳೆಪಟ್ಟಿಯಿಂದ ಕಟ್ಟಿದ ಕಡೆ ಕಣ್ಣು ನಿಲ್ಲಿಸಲು ಕಲಿತವನು ಅರ್ಧ ಕಸುಬು ಕಲಿತ ಹಾಗೆ.

ನೋಡುವುದರಿಂದ ಏನು ದಕ್ಕೀತು ಎಂದು ಕೇಳುವವರಿಗೆ ಆ ಬ್ಯಾರಲ್ಲಿನಲ್ಲಿರುವ ನೀಲಿ ನೀರೇ ಉತ್ತರ. 1882ರ ಸುಮಾರಿಗೆ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗೆ ಬೂಜುರೋಗ ಬಂದಿತ್ತು. ಸಸ್ಯಶಾಸ್ತ್ರಜ್ಞ ಪಿಯರ್ ಮಿಲಾರ್ಡೆ ತೋಟಗಳ ನಡುವೆ ಓಡಾಡುವಾಗ ಒಂದು ವಿಚಿತ್ರ ಕಂಡರು. ಒಳಗಿನ ಬಳ್ಳಿಗಳ ಎಲೆ ಉದುರಿದೆ, ರಸ್ತೆಯಂಚಿನ ಬಳ್ಳಿಗಳು ಹಸಿರಾಗಿವೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: ದಾರಿಹೋಕರು ಹಣ್ಣು ಕದಿಯದಿರಲೆಂದು ಬೆಳೆಗಾರರು ಅಂಚಿನ ಸಾಲಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ವಿಷದಂತೆ ಕಂಡರೆ ಯಾರೂ ಮುಟ್ಟಲಾರರೆಂಬ ಉಪಾಯ. ಕಳ್ಳರಿಗೆ ಎರಚಿದ್ದು ರೋಗಕ್ಕೆ ತಾಗಿತ್ತು. ಮಿಲಾರ್ಡೆ ಅದನ್ನು ಪ್ರಯೋಗಕ್ಕೆ ಒಡ್ಡಿ 1885ರಲ್ಲಿ ಪ್ರಕಟಿಸಿದರು. ಆ ದಾರಿಯಲ್ಲಿ ದಿನವೂ ಹೋಗುತ್ತಿದ್ದವರು ಎಷ್ಟೋ ಜನ, ನಿಂತು ಕೇಳಿದವರು ಒಬ್ಬರು.

ಕಾಲು ಶತಮಾನದ ಮೇಲೆ ಅದು ನಮ್ಮ ಕಡೆಗೆ ಬಂತು. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ, 1910ರಲ್ಲಿ ಅದರ ಬಗ್ಗೆ ಬರೆದರು. ಬೋರ್ಡೋ ದ್ರಾವಣವನ್ನು ಮದ್ದಾಗಿ ತಂದರು. ಆದರೆ ಫ್ರಾನ್ಸಿನ ಮಳೆ ಬೇರೆ, ಸಹ್ಯಾದ್ರಿಯ ಮಳೆ ಬೇರೆ. ಇಲ್ಲಿ ಹೊಡೆದ ಔಷಧಿ ಕಾಯಿಗೆ ಅಂಟಿ ನಿಲ್ಲಬೇಕು. ಅದಕ್ಕೆಂದು ರಾಳ ಸೇರಿಸುವ ರೂಢಿ ಬಂತು. ಒಂದು ಊರಿನ ವಸ್ತು ಇನ್ನೊಂದು ಊರಿಗೆ ಬಂದಾಗ ಅದಕ್ಕೆ ಸೇರಬೇಕಾದ ರಾಳ ಯಾವುದು ಎಂಬುದೇ ಈ ಕಸುಬಿನಲ್ಲಿ ಹೆಚ್ಚು ದಿನ ತಿನ್ನುವ ಕೆಲಸ.

ನೋಡಿದ ಮೇಲೆ ಪ್ರಶ್ನೆ. ವಿದ್ಯಾರ್ಥಿಗಳ ಅನುಭವಗಳಲ್ಲಿ ನನಗೆ ತುಂಬ ಹಿಡಿಸಿದ್ದು 2007ರ ಒಂದು ಕತೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕೋರ್ಸಿನಲ್ಲಿ ನಾಲ್ಕು ವಿದ್ಯಾರ್ಥಿಗಳ ತಂಡಕ್ಕೆ ಕೊಟ್ಟ ಕೆಲಸ, ದಿನ ತುಂಬದ ಶಿಶುಗಳಿಗೆ ಅಗ್ಗದ ಇನ್‌ಕ್ಯುಬೇಟರ್ ಮಾಡುವುದು. ಆಗ ಒಂದು ಇನ್‌ಕ್ಯುಬೇಟರಿನ ಬೆಲೆ 20,000 ಡಾಲರ್ ಆಸುಪಾಸು. ಬಿಡಿಭಾಗಗಳನ್ನು ಅಗ್ಗಮಾಡಿದರೆ ಮುಗಿಯಿತಲ್ಲ! ಆದರೆ ತಂಡದವರೊಬ್ಬರು ನೇಪಾಳಕ್ಕೆ ಹೋಗಿ ನೋಡಿದರೆ, ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಪಟ್ಟಣದ ಆಸ್ಪತ್ರೆಯಲ್ಲಿ ಖಾಲಿ ನಿಂತಿದ್ದವು. ಶಿಶುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ, ಕರೆಂಟಿಲ್ಲದ ಮನೆಗಳಲ್ಲಿ. ತಂಡ ಪ್ರಶ್ನೆಯನ್ನೇ ಬದಲಿಸಿಕೊಂಡಿತು. ಹಳ್ಳಿಯ ತಾಯಿ ಮಗುವನ್ನು ಬೆಚ್ಚಗಿಡುವುದು ಹೇಗೆ? ಹುಟ್ಟಿದ್ದು ಪುಟ್ಟ ಮಲಗುಚೀಲ. ಅದರೊಳಗೊಂದು ಮೇಣದ ಪೊಟ್ಟಣ. ಕರಗಿದ ಆ ಮೇಣ ಗಟ್ಟಿಯಾಗುತ್ತ 37 ಡಿಗ್ರಿಯ ಆಸುಪಾಸಿನಲ್ಲೇ ನಿಂತು ಕೆಲವು ತಾಸು ಶಾಖ ಬಿಡುತ್ತದೆ. ‘ಎಂಬ್ರೇಸ್’ ಎಂದು ಅದರ ಹೆಸರು. ತಂಡ ಮುಂದೆ ಬೆಂಗಳೂರಿಗೇ ಬಂದು ನೆಲೆಸಿ 2011ರಲ್ಲಿ ಅದನ್ನು ಬಳಕೆಗೆ ತಂದಿತು.

ಅದೇ ತಂಡದವರು ಹೇಳಿಕೊಂಡ ಇನ್ನೊಂದು ಸಂಗತಿ ನಮ್ಮ ಮನೆಮನೆಯಲ್ಲೂ ನಡೆಯುವಂಥದು. ಪೊಟ್ಟಣದ ಮೇಲೆ ಶಾಖದ ಅಂಕಿ ತೋರಿಸುವ ಪಟ್ಟಿ ಇಟ್ಟಿದ್ದರು. ಭಾರತದ ಒಂದು ಹಳ್ಳಿಯ ತಾಯಿ, ಇಂಗ್ಲಿಷ್ ಔಷಧಿ ಬಲು ಜೋರು, ನಾವು ಅರ್ಧವೇ ಕೊಡುವುದು, ಹಾಗಾಗಿ ಇದನ್ನೂ 37ರ ಬದಲು ಸ್ವಲ್ಪ ಕಡಿಮೆಗೇ ಇಡುತ್ತೇವೆ ಎಂಬರ್ಥದ ಮಾತು ಹೇಳಿದಳಂತೆ. ತಂಡ ಅಂಕಿ ತೆಗೆದುಹಾಕಿತು. ಸರಿ ಇದೆ, ಸರಿ ಇಲ್ಲ ಎಂದಷ್ಟೇ ತೋರಿಸುವ ಗುರುತು ಇಟ್ಟಿತು. ಆ ತಾಯಿಯದು ಅಜ್ಞಾನ ಎಂದು ನಕ್ಕು ಮುಂದೆ ಹೋಗಿದ್ದರೆ ಚೀಲ ಕೆಲಸಕ್ಕೆ ಬರುತ್ತಿರಲಿಲ್ಲ.

ನಮ್ಮ ತೋಟಕ್ಕೆ ಮರಳಿದರೆ, ಇಲ್ಲಿಯೂ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಲಾಗಿದೆ. ಕೊನೆಗೌಡರು ಸಿಗುವುದೇ ಕಷ್ಟವಾದಾಗ, ಮರ ಹತ್ತಲು ಬಾರದವನು ಹತ್ತುವುದು ಹೇಗೆ ಎಂದು ಕೇಳಿದವರು ಬಂಟ್ವಾಳ ಕಡೆಯ ಕೋಮಲೆಯ ಗಣಪತಿ ಭಟ್ಟರು. ಅವರ ಪೆಟ್ರೋಲ್ ಎಂಜಿನ್ನಿನ ಮರ ಹತ್ತುವ ಬೈಕು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಕೂತರೆ ಸಾಕು, ಕ್ಷಣದಲ್ಲಿ ಮೇಲೆ. ಕೃಷಿಕರೊಬ್ಬರು ತಾವೇ ನಿಂತು ರೂಪಿಸಿದ ಯಂತ್ರವೆಂದು ನನಗೆ ಅದರ ಮೇಲೆ ಬಹಳ ಗೌರವ. ಆದರೆ ಪ್ರತಿ ಮರಕ್ಕೂ ಇಳಿದು, ಬಿಚ್ಚಿ, ಮುಂದಿನ ಮರಕ್ಕೆ ಕಟ್ಟಬೇಕು. ಮರದಿಂದ ಮರಕ್ಕೆ ದಾಟುವ ಕೊನೆಗೌಡನ ಉಪಾಯ ಯಂತ್ರಕ್ಕೆ ಬರಲಿಲ್ಲ. ಇನ್ನೊಂದು ಪ್ರಶ್ನೆ, ಹತ್ತಲೇಬೇಕೇ ಎಂಬುದು. ಅದಕ್ಕೆ ಸಿಕ್ಕ ಉತ್ತರ ಕಾರ್ಬನ್ ಫೈಬರಿನ ದೋಟಿ. ಹಳೆಯ ಬಿದಿರು ದೋಟಿಯನ್ನೇ ಹಗುರಾಗಿ, ಉದ್ದವಾಗಿ ಮಾಡಿ ನೆಲದಲ್ಲೇ ನಿಂತು ಔಷಧಿ ಹೊಡೆಯುವುದು, ಕೊನೆ ಕೊಯ್ಯುವುದು. ಕೊನೆ ಬೀಳುವಲ್ಲಿ ಬಲೆ ಹಿಡಿಯುತ್ತಾರೆ. ಮೇಲೆ ನೋಡಿ ನೋಡಿ ಕತ್ತು ಹಿಡಿಯುತ್ತದೆ ಎಂಬ ದೂರು ಇದೆ, ಬೆಲೆಯೂ ಕಮ್ಮಿಯಲ್ಲ. ಆದರೂ ನನ್ನ ಮತ ದೋಟಿಗೇ. ಬಿದ್ದು ಸೊಂಟ ಮುರಿದುಕೊಳ್ಳುವ ಸಾಧ್ಯತೆಯನ್ನು ಅದು ಬುಡದಲ್ಲೇ ತೆಗೆದುಹಾಕಿದೆ.

ಇನ್ನು ಮಾದರಿ ಮಾಡುವ ಹಂತ. ಹೊರಗಿನವರಿಗೆ ಇದೇ ದೊಡ್ಡದಾಗಿ ಕಾಣುತ್ತದೆ. ಒಳಗಿನವರಿಗೆ ಇದು ರಟ್ಟು, ಗೋಂದು, ಚಾಕುವಿನ ಆಟ. ಚಂದ ಮಾಡಬಾರದು ಎಂಬುದೊಂದೇ ನಿಯಮ. ಚಂದ ಮಾಡಿದರೆ ಮುರಿಯಲು ಮನಸ್ಸು ಬಾರದು.

ನಮ್ಮ ಹಿರಿಯರ ಕೊಟ್ಟೆಯನ್ನು ನೋಡಿದರೆ ಇಂಥ ಎಷ್ಟು ಮಾದರಿಗಳು ಮುರಿದಿರಬಹುದೆಂದು ಊಹಿಸಬಹುದು. ಔಷಧಿ ಬರುವ ಮೊದಲು ಬೇಣದ ಕರಡ ಹುಲ್ಲು ಕೊಯ್ದು, ಒಣಗಿಸಿ, ಹೆಣೆದು, ಟೊಪ್ಪಿಯಂತೆ ಅಡಿಕೆ ಕೊನೆಯ ಮೇಲೆ ಕಟ್ಟುತ್ತಿದ್ದರು. ನೀರು ಜಾರಬೇಕು, ಗಾಳಿ ಆಡಬೇಕು, ಕಾಯಿ ಬಲಿಯುತ್ತ ಹೋದಂತೆ ಬಿಗಿಯಬಾರದು, ಗಾಳಿಮಳೆಗೆ ಹಾರಬಾರದು, ಮರದ ತುದಿಯಲ್ಲಿ ಒಂದೇ ಕೈಯಿಂದ ಕಟ್ಟಲು ಬರಬೇಕು. ಈ ಐದು ಕರಾರುಗಳನ್ನು ಕಾಗದದ ಮೇಲೆ ಬರೆದು ಯಾವುದೇ ದೇಶದ ವಿದ್ಯಾರ್ಥಿಗಳ ಮುಂದಿಟ್ಟರೂ ಒಂದು ವಾರ ತಲೆ ಕೆರೆದುಕೊಂಡಾರು. ಕರಡದ ಖರ್ಚು ಬೆಟ್ಟ ಹತ್ತುವ ಶ್ರಮವಷ್ಟೆ.

ಕಟ್ಟಕಡೆಗೆ ಪರೀಕ್ಷೆ. ಇಲ್ಲಿ ಉತ್ತರ ಕನ್ನಡಕ್ಕೆ ಬರುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ನೀವು ಮಾಡಿದ ವಸ್ತುವನ್ನು ತೋರಿಸಿ ಹೇಗಿದೆ ಎಂದು ಕೇಳಿದರೆ, ಮನೆಯವರು ‘ಚಲೋ ಇದ್ದು’ ಎನ್ನುತ್ತಾರೆ. ಬೆಲ್ಲ ಕೊಟ್ಟು ನೀರು ಕೊಡುವ ಊರು. ಅಷ್ಟು ದೂರದಿಂದ ಬಂದ ಮಕ್ಕಳಿಗೆ ಬೇಸರ ಮಾಡುವ ಮಾತಾಡರು. ಅದನ್ನು ಯಶಸ್ಸೆಂದು ವರದಿಯಲ್ಲಿ ಬರೆದುಕೊಂಡರೆ ಕೆಟ್ಟಿರಿ. ವಸ್ತುವನ್ನು ಅಲ್ಲೇ ಬಿಟ್ಟು ಹೋಗಿ. ಹದಿನೈದು ದಿನ ಬಿಟ್ಟು ಹೇಳದೆ ಬನ್ನಿ. ಅದಕ್ಕೆ ಮಣ್ಣು ಮೆತ್ತಿದ್ದರೆ, ಎಲ್ಲೋ ಒಂದು ಕಡೆ ಟ್ಯೂಬು ಸುತ್ತಿದ್ದರೆ, ಗೆದ್ದಿರಿ. ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿದ್ದರೆ ಇನ್ನೊಂದು ಮಾದರಿ ಮಾಡಬೇಕು.

ಜರ್ಮನಿಗೋ ನೆದರ್‌ಲ್ಯಾಂಡಿಗೋ ಹೋಗುವ ಅವಕಾಶ ಸಿಕ್ಕವರು ಖಂಡಿತ ಹೋಗಿಬರಲಿ. ಭಾಷೆ ಬಾರದವನ ಜೊತೆ ಒಂದೇ ರಟ್ಟಿನ ತುಂಡಿಗೆ ಜಗಳಾಡಿ ಕಲಿಯುವ ಪಾಠ ಬೇರೆಲ್ಲೂ ಸಿಗದು. ಭಟ್ಕಳದ ಅಂಜುಮನ್‌ನಲ್ಲೋ ಕಾರವಾರದ ಸರ್ಕಾರಿ ಕಾಲೇಜಿನಲ್ಲೋ ಎಂಜಿನಿಯರಿಂಗ್ ಓದುತ್ತ ಅಂಥ ಅವಕಾಶ ಸಿಗದವರು ಬೇಸರ ಮಾಡಿಕೊಳ್ಳುವುದು ಬೇಡ. ಮೊದಲ ಔಷಧಿ ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು ಅದಾಗಿ 40–45 ದಿನಕ್ಕೆ. ಯಾವುದಾದರೂ ಒಂದು ತೋಟಕ್ಕೆ ಬೆಳಿಗ್ಗೆಯೇ ಬಂದು ಕೂರಿ, ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಕವರು ಹಾಕಿಕೊಳ್ಳಿ. ಅಂಗಿ ಮಾತ್ರ ಹಳೆಯದು ಇರಲಿ. ಮೈಲುತುತ್ತದ ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.